ಕನ್ನಡದ ಕಿರುಗತೆಗಳಲ್ಲಿ ಮಕ್ಕಳ ಲಾಲನೆಯೂ ಕುಟುಂಬಕಲಹವೂ

೧

ಮಕ್ಕಳನ್ನು ಮುದ್ದಿನಿಂದ ಬೆಳೆಯಿಸತಕ್ಕುದೋ ದಂಡನೆಯಿಂದ ತಿದ್ದತಕ್ಕುದೋ ಎಂಬ ಪ್ರಶ್ನೆಯು ನಮ್ಮ ನೀತಿಗ್ರಂಥಗಳಷ್ಟೇ ಹಳೆಯದು. ಐದು ವರ್ಷ ಲಾಲಿಸಿ, ಹತ್ತು ವರ್ಷ ಶಿಕ್ಷಿಸಿ, ಹದಿನಾರಕ್ಕೆ ಬಂದ ಮಗನನ್ನು ಗೆಳೆಯನಂತೆ ಕಾಣಬೇಕೆಂಬ ಸಂಸ್ಕೃತ ಸುಭಾಷಿತವನ್ನು ಬಲ್ಲದ ಉಪಾಧ್ಯಾಯರಿಲ್ಲ. ಆದರೆ ನೀತಿವಾಕ್ಯಕ್ಕೂ ಕಥೆಗೂ ಒಂದು ದೊಡ್ಡ ಅಂತರವುಂಟು. ನೀತಿವಾಕ್ಯವು ತಂದೆಯೊಬ್ಬನನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತನಾಡುವುದು. ಅದರಲ್ಲಿ ಮನೆಯಿಲ್ಲ, ಅತ್ತೆಯಿಲ್ಲ, ಸೊಸೆಯಿಲ್ಲ, ಸೋದರಮಾವನಿಲ್ಲ, ವಿಧವೆಯಾಗಿ ತವರಿಗೆ ಮರಳಿದ ಸೋದರತ್ತೆಯಿಲ್ಲ. ಕಥೆಯಾದರೋ ಮನೆಯೊಳಗೆ ಕಾಲಿಡದೆ ಒಂದು ಹೆಜ್ಜೆಯನ್ನೂ ಮುಂದಿಡಲಾರದು. ಮಗುವನ್ನು ಮುದ್ದಿಸುವವರು ಯಾರು, ಹೊಡೆಯುವವರು ಯಾರು, ಹೊಡೆಯುವ ಕೈಯನ್ನು ಹಿಡಿಯುವವರು ಯಾರು ಎಂಬುದನ್ನು ಅದು ಹೇಳಿಯೇ ತೀರಬೇಕು. ಹೀಗೆ ಹೇಳಹೊರಟ ಕೂಡಲೆ ಶಿಶುಪಾಲನೆಯ ಪ್ರಶ್ನೆಯು ಮನೆಯ ಯಜಮಾನಿಕೆಯ ಪ್ರಶ್ನೆಯಾಗಿ ಮಾರ್ಪಡುವುದು.

ನಮ್ಮ ಆಡುನುಡಿಯೇ ಈ ಸೂಕ್ಷ್ಮವನ್ನು ಅರಿತಿರುವಂತೆ ತೋರುತ್ತದೆ. ‘ಮುದ್ದು’ ಎಂಬುದು ಮಗುವಿನ ಕಡೆಗೆ ಹರಿಯುವ ಪ್ರೀತಿ. ‘ಸಲಿಗೆ’ ಎಂಬುದು ಆ ಪ್ರೀತಿಯಿಂದ ಮಗುವಿಗೆ ದೊರೆತ ಸ್ವಾತಂತ್ರ್ಯ. ‘ಸದರ’ವೆಂದೊಡನೆ ದೂಷಣೆಯು ಸೇರಿಕೊಳ್ಳುವುದು, ಸದರ ಕೊಟ್ಟವರು ಯಾರೆಂದು ಕೇಳುವ ಮೂರನೆಯವರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಒಂದೇ ನಡವಳಿಕೆಯು ತಾಯಿಗೆ ಮುದ್ದಾಗಿಯೂ, ಮಗುವಿಗೆ ಸಲಿಗೆಯಾಗಿಯೂ, ನೋಡುವ ನಾದಿನಿಗೆ ಸದರವಾಗಿಯೂ ಕಾಣಿಸುವುದು. ಕಥೆಗಾರನ ಕೆಲಸವು ಈ ಮೂರು ನೋಟಗಳ ನಡುವೆ ಪ್ರಾರಂಭವಾಗುತ್ತದೆ.

ನೇತ್ರಾವತಿಯ ದಡದ ಬಂಟವಾಳ, ಪಾಣೆಮಂಗಳೂರು, ಮೆಲ್ಕಾರುಗಳಿಂದ ಮೊದಲ್ಗೊಂಡು ಮೇಲೆ ಬೆಳ್ತಂಗಡಿಯವರೆಗೂ ಉತ್ತರಕ್ಕೆ ಮೂಡಬಿದಿರೆಯವರೆಗೂ ಹಬ್ಬಿದ ಸೀಮೆಯು ಈ ವಿಚಾರಕ್ಕೆ ವಿಶೇಷವಾಗಿ ತಕ್ಕ ಕ್ಷೇತ್ರವಾಗಿದೆ. ಇಲ್ಲಿ ತಂದೆಯ ಮನೆಯಲ್ಲಿ ಬೆಳೆಯುವ ಮಕ್ಕಳೂ ಮಾವನ ಯಜಮಾನಿಕೆಯಲ್ಲಿ ಬೆಳೆಯುವ ಮಕ್ಕಳೂ ನೆರೆಕರೆಯಲ್ಲಿಯೇ ಇದ್ದರು. ಕನ್ನಡದಲ್ಲಿ ಸಣ್ಣ ಕಥೆಯ ಬೀಜವನ್ನು ಬಿತ್ತಿದವರಲ್ಲಿ ಅಗ್ರಗಣ್ಯರಾದ ಪಂಜೆ ಮಂಗೇಶರಾಯರು ಹುಟ್ಟಿದುದೂ ಇದೇ ಬಂಟವಾಳದಲ್ಲಿ. ಆದುದರಿಂದ ಪ್ರಾಚೀನ ಗದ್ಯಕಥೆಯಿಂದ ತೊಡಗಿ, ತುಳುನಾಡಿನ ಮೌಖಿಕ ಕಥನಗಳನ್ನು ನೋಡಿ, ಆಧುನಿಕ ಸಣ್ಣ ಕಥೆಯವರೆಗೆ ಈ ವಸ್ತುವು ನಡೆದುಬಂದ ದಾರಿಯನ್ನು ಇಲ್ಲಿ ಪರಿಶೀಲಿಸಲಾಗುವುದು. ನಮ್ಮ ಪ್ರತಿಪಾದನೆ ಎರಡು. ಮೊದಲನೆಯದು, ಈ ಕಥೆಗಳು ‘ಮುದ್ದಿನಿಂದ ಮಗು ಕೆಡುವುದು’ ಎಂಬ ಒಂದೇ ಪಾಠವನ್ನು ಹೇಳುವುದಿಲ್ಲವೆಂಬುದು. ಎರಡನೆಯದು, ಮಗು ಕೆಟ್ಟಿತೆಂಬ ಅಪವಾದವನ್ನು ಕಥೆಯ ಕೇಳುಗರು ಬಹುಮಟ್ಟಿಗೆ ಹೆಂಗಸಿನ ತಲೆಗೆ ಕಟ್ಟಿದ್ದರೂ ಕಥೆಗಳು ಒದಗಿಸುವ ಸಾಕ್ಷ್ಯವು ಬೇರೆಯಾಗಿದೆಯೆಂಬುದು.

೨

ಹತ್ತನೆಯ ಶತಮಾನದ ಆಸುಪಾಸಿನದೆಂದು ಬಹುಮಂದಿ ವಿದ್ವಾಂಸರು ಎಣಿಸಿರುವ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ೧೯೪೯ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಪರಿಷ್ಕರಣದಿಂದ ಇದರ ಪಾಠವು ಅಧ್ಯಾಪಕರಿಗೆ ಸುಲಭವಾಗಿ ದೊರೆಯುವಂತಾಯಿತು. ಲಾಲನೆಯ ವಿಷಯದಲ್ಲಿ ಕನ್ನಡದಲ್ಲಿ ಇದಕ್ಕಿಂತ ಆಳವಾದ ಕಥೆಯನ್ನು ಹುಡುಕುವುದು ಕಷ್ಟ.

ಉಜ್ಜಯಿನಿಯ ಯಶೋಭದ್ರೆಗೆ ಹುಟ್ಟಿದ ಮಗನು ಸುಕುಮಾರ. ಮಗನ ಮುಖವನ್ನು ಕಂಡೊಡನೆ ತಂದೆಯು ತಪಸ್ಸಿಗೆ ಹೊರಡುವನು. ಋಷಿಯನ್ನು ಕಂಡೊಡನೆ ಮಗನೂ ತಪಸ್ಸಿಗೆ ಹೊರಡುವನು ಎಂದು ಭವಿಷ್ಯವಾಣಿಯಾಗಿದೆ. ಮೊದಲನೆಯ ಮಾತು ಆಗಲೇ ಫಲಿಸಿತು. ಎರಡನೆಯದನ್ನು ತಪ್ಪಿಸಲು ತಾಯಿಯು ಮನೆಯೊಳಕ್ಕೆ ಋಷಿಗಳು ಬಾರದಂತೆ ಕಟ್ಟು ಮಾಡಿ, ಮಾಡಗಳನ್ನು ಕಟ್ಟಿಸಿ, ಮೂವತ್ತಿಬ್ಬರು ಕನ್ಯೆಯರನ್ನು ತಂದು ಮದುವೆ ಮಾಡುವಳು. ಬಿಸಿಲು, ಚಳಿಗಳನ್ನು ಅರಿಯದ ಹುಡುಗನು ಮನೆಗೆ ಬಂದ ಅರಸನ ಸಮೀಪದಲ್ಲಿ ಕುಳಿತಾಗ, ಮಂಗಳಕ್ಕೆಂದು ತಳಿದ ಸಾಸಿವೆಯ ಕಾಳು ಒತ್ತಿ ಸುಮ್ಮನೆ ಕೂಡಲಾರದೆ ಹೋಗುವನು. ದೀಪದ ಬೆಳಕಿಗೆ ಅವನ ಕಣ್ಣಿನಲ್ಲಿ ನೀರು ಬರುವುದು. ಅರಸನು ಇದನ್ನು ವ್ಯಾಧಿಯೆಂದು ಭಾವಿಸುವನು. ತಾಯಿಯು ಅದು ವ್ಯಾಧಿಯಲ್ಲ, ಬೆಳೆದ ಬಗೆ ಎಂದು ವಿವರಿಸುವಳು.

ಇಷ್ಟರಲ್ಲಿ ಕಥೆಯು ಮುಗಿದಿದ್ದರೆ ಅತಿಲಾಲನೆಯ ಮೇಲಣ ವಿಡಂಬನೆಯೆಂದು ಓದಬಹುದಾಗಿದ್ದಿತು. ಆದರೆ ಮುಂದೆ ಋಷಿಯ ಧ್ವನಿಯನ್ನು ಕೇಳಿದ ಅದೇ ಸುಕುಮಾರನು ಬಟ್ಟೆಗಳನ್ನು ಗಂಟಿಕ್ಕಿ ಮಾಡದಿಂದ ಇಳಿದು ತಪಸ್ಸಿಗೆ ಹೋಗುವನು. ನರಿಯು ತನ್ನ ಮರಿಗಳೊಡನೆ ಅವನ ದೇಹವನ್ನು ತಿನ್ನುತ್ತಿರುವಾಗಲೂ ಚಲಿಸದೆ ನಿಲ್ಲುವನು. ಸಾಸಿವೆಯನ್ನು ಸಹಿಸದವನು ಇದನ್ನು ಸಹಿಸಿದನು. ಮುದ್ದಿನಿಂದ ಮೃದುವಾದುದು ಅವನ ದೇಹ ಮಾತ್ರ. ಮನಸ್ಸು ಬೇರೊಂದು ಲೆಕ್ಕಕ್ಕೆ ಸೇರಿದ್ದಿತು.

ಆ ಲೆಕ್ಕವು ಯಾವುದೆಂಬುದನ್ನು ಇದೇ ಕಥೆಯ ಒಳಗಣ ಪೂರ್ವಭವದ ವೃತ್ತಾಂತವು ತಿಳಿಸುತ್ತದೆ. ಕೌಶಾಂಬಿಯ ಅರಸನ ಪುರೋಹಿತನಾದ ಸೋಮಶರ್ಮನಿಗೂ ಕಾಶ್ಯಪಿಗೂ ಅಗ್ನಿಭೂತಿ, ವಾಯುಭೂತಿ ಎಂಬ ಇಬ್ಬರು ಮಕ್ಕಳು. ಆಟದಲ್ಲಿಯೂ ದುರ್ವ್ಯಸನಗಳಲ್ಲಿಯೂ ಕಾಲ ಕಳೆದ ಇವರು ಅಕ್ಷರವನ್ನು ಕಲಿಯಲಿಲ್ಲ. ತಂದೆಯು ಸತ್ತ ಮೇಲೆ ಪೌರೋಹಿತ್ಯವು ಅನ್ಯರ ಪಾಲಾಯಿತು. ಆಗ ತಾಯಿಯು ಮಕ್ಕಳನ್ನು ರಾಜಗೃಹದಲ್ಲಿದ್ದ ತನ್ನ ಸೋದರ ಸೂರ್ಯಮಿತ್ರನ ಬಳಿಗೆ ಕಳುಹಿಸುವಳು. ಸೂರ್ಯಮಿತ್ರನು ಮಾಡಿದುದು ವಿಚಿತ್ರವಾಗಿದೆ. ತನಗೆ ತಂಗಿಯೇ ಇಲ್ಲವೆಂದು ಹೇಳಿ, ನಂಟನ್ನು ಮರೆಮಾಚಿ, ಭಿಕ್ಷೆ ಬೇಡಿ ಉಂಡು ಕಲಿಯುವುದಾದರೆ ಕಲಿಸುವೆನೆಂದನು. ಹಲವು ವರ್ಷಗಳ ಕಷ್ಟದ ತರುವಾಯ ಇಬ್ಬರೂ ವಿದ್ವಾಂಸರಾದರು. ಊರಿಗೆ ಮರಳುವ ಹೊತ್ತಿಗೆ ಮಾವನು ನಿಜವನ್ನು ಹೇಳಿ, ಮೊದಲೇ ಮಾವನೆಂದು ತಿಳಿಸಿದ್ದರೆ ನೀವು ಸಲಿಗೆಯಿಂದ ಕೆಡುತ್ತಿದ್ದಿರಿ ಎಂದು ಕಾರಣವನ್ನು ವಿವರಿಸಿದನು.

ಈ ಭಾಗವನ್ನಷ್ಟೇ ಬಿಡಿಸಿ ತರಗತಿಯಲ್ಲಿ ಓದಿಸಿದರೆ ಕಠಿಣ ಶಿಕ್ಷಣದ ಪ್ರಶಂಸೆಯಾಗಿ ಅದು ಶೋಭಿಸುವುದು. ಆದರೆ ಕಥೆಯು ಅಲ್ಲಿ ನಿಲ್ಲುವುದಿಲ್ಲ. ಅಣ್ಣನು ಮಾವನ ಉಪಕಾರವನ್ನು ನೆನೆದು ಕೃತಜ್ಞನಾದನು. ತಮ್ಮನು ನಂಟನಾಗಿಯೂ ತಮ್ಮನ್ನು ತಿರಿದು ತಿನ್ನುವಂತೆ ಮಾಡಿದನಲ್ಲಾ ಎಂದು ಮುನಿಸನ್ನು ಕಟ್ಟಿಕೊಂಡನು. ಸೂರ್ಯಮಿತ್ರನು ಋಷಿಯಾಗಿ ಕೌಶಾಂಬಿಗೆ ಬಂದಾಗ ಅಗ್ನಿಭೂತಿಯು ಪೂಜಿಸಿದನು, ವಾಯುಭೂತಿಯು ಬಯ್ದನು. ಅಗ್ನಿಭೂತಿಯು ತಪಸ್ಸಿಗೆ ಹೋಗಲು, ಅವನ ಹೆಂಡತಿಯು ಇದಕ್ಕೆಲ್ಲ ನೀನೇ ಕಾರಣನೆಂದು ಮೈದುನನನ್ನು ಕೇಳಿದಳು. ಅವನು ಅವಳನ್ನು ಒದೆದನು. ಒದೆದ ಕಾಲನ್ನು ಮುಂದಿನ ಭವದಲ್ಲಿ ತಿನ್ನುವೆನೆಂದು ಅವಳು ಸಂಕಲ್ಪ ಮಾಡಿದಳು. ಸುಕುಮಾರನು ಆ ವಾಯುಭೂತಿಯೇ. ನರಿಯು ಆ ಅತ್ತಿಗೆಯೇ.

ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಒಂದೇ ಜೀವವು ಒಂದು ಭವದಲ್ಲಿ ಕಠಿಣವಾದ ಮಾವನ ಕೈಯಲ್ಲಿಯೂ ಮತ್ತೊಂದು ಭವದಲ್ಲಿ ಮೃದುವಾದ ತಾಯಿಯ ಕೈಯಲ್ಲಿಯೂ ಬೆಳೆಯುತ್ತದೆ. ಕಾಠಿಣ್ಯವು ವಿದ್ಯೆಯನ್ನು ಕೊಟ್ಟು ದ್ವೇಷವನ್ನೂ ಕೊಟ್ಟಿತು. ಲಾಲನೆಯು ದೌರ್ಬಲ್ಯವನ್ನು ಕೊಟ್ಟಿತಾದರೂ ದ್ವೇಷವನ್ನು ಕೊಡಲಿಲ್ಲ. ಒಂದೇ ಶಿಕ್ಷೆಯಿಂದ ಇಬ್ಬರು ಸೋದರರು ಎರಡು ಬಗೆಯಾದರು. ಕಥೆಗಾರನ ಮುಖ್ಯ ಉದ್ದೇಶವು ಕರ್ಮಫಲದ ನಿರೂಪಣೆಯೆಂಬುದು ನಿರ್ವಿವಾದ. ಆದರೂ ಆ ನಿರೂಪಣೆಯ ಸಲುವಾಗಿ ಅವನು ಆಯ್ದುಕೊಂಡ ಸಾಮಗ್ರಿಯು ಕುಟುಂಬದ್ದು: ಓದದ ಮಕ್ಕಳು, ಚಿಂತಿತಳಾದ ತಾಯಿ, ನಂಟನ್ನು ಬಚ್ಚಿಟ್ಟ ಮಾವ, ಮುನಿದ ಮೈದುನ, ಒದೆತ ತಿಂದ ಅತ್ತಿಗೆ. ಶಿಕ್ಷೆಯ ಗುಣವು ಕೊಡುವವನ ಉದ್ದೇಶದಿಂದ ಮಾತ್ರ ತೀರ್ಮಾನವಾಗದು, ಪಡೆದವನು ಅದನ್ನು ಹೇಗೆ ನೆನೆದನೆಂಬುದರಿಂದಲೂ ತೀರ್ಮಾನವಾಗುವುದು ಎಂಬ ತತ್ತ್ವವು ಇಲ್ಲಿ ತಾನಾಗಿ ಸಿದ್ಧಿಸಿದೆ.

೩

ಸೋದರಮಾವನೆಂದೊಡನೆ ತುಳುನಾಡಿನ ಓದುಗನಿಗೆ ಅಳಿಯಸಂತಾನದ ಕಟ್ಟು ನೆನಪಾಗುವುದು ಸಹಜ. ವಡ್ಡಾರಾಧನೆಯ ಮಾವನನ್ನು ಈ ಕಟ್ಟಿಗೆ ಜೋಡಿಸುವುದಕ್ಕೆ ಆಧಾರವಿಲ್ಲ. ಆ ಕಥೆಗಳ ಮೂಲವು ಉತ್ತರದೇಶದ ಜೈನ ಪರಂಪರೆಯಲ್ಲಿದೆ. ಆದರೆ ಅಳಿಯಸಂತಾನವು ಮಕ್ಕಳ ಪಾಲನೆಯ ವಿಷಯದಲ್ಲಿ ಉಂಟುಮಾಡಿದ ಸ್ಥಿತಿಯನ್ನು ಬೇರೆಯಾಗಿ ವಿಚಾರಿಸುವುದು ಅವಶ್ಯ. ಬಂಟರು, ಬಿಲ್ಲವರು, ಇಲ್ಲಿಯ ಜೈನರು ಮೊದಲಾದ ಸಮುದಾಯಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆಸ್ತಿಯ ಆಡಳಿತವು ಆ ಕುಟುಂಬದ ಹಿರಿಯನಾದ ಯಜಮಾನನ ಅಥವಾ ಹಿರಿಯಳಾದ ಯಜಮಾನ್ತಿಯ ಕೈಯಲ್ಲಿರುತ್ತಿದ್ದಿತು. ತಂದೆಯ ಆಸ್ತಿಯು ಅವನ ಸೋದರಿಯ ಮಕ್ಕಳಿಗೆ ಹೋಗುವುದು. ಹೀಗಾಗಿ ದಂಡಿಸುವ ಅಧಿಕಾರವು ಮಾವನ ಪಾಲಿಗೂ, ಅಧಿಕಾರದ ಭಾರವಿಲ್ಲದ ವಾತ್ಸಲ್ಯವು ತಂದೆಯ ಪಾಲಿಗೂ ಬರುವ ಸಂಭವವು ಈ ವ್ಯವಸ್ಥೆಯೊಳಗೇ ಇದ್ದಿತು. ತಂದೆಯು ತನ್ನ ಮಕ್ಕಳಿಗೆ ಸಲಿಗೆ ಕೊಟ್ಟರೆ ಅವನ ಅಳಿಯಂದಿರು ಅನುಮಾನಪಡುವರು. ಮಾವನು ಅಳಿಯನನ್ನು ದಂಡಿಸಿದರೆ ಅವನ ಹೆಂಡತಿಯ ಮಕ್ಕಳ ಮೇಲಣ ಪಕ್ಷಪಾತವೆಂದು ಸೋದರಿಯು ನೊಂದುಕೊಳ್ಳುವಳು.

ಈ ಕಟ್ಟಿನ ಉತ್ಪತ್ತಿಯನ್ನು ಹೇಳುವ ಭೂತಾಳಪಾಂಡ್ಯನ ದಂತಕಥೆಯು ತಾನೇ ಒಂದು ಕಿರುಗತೆ. ೧೯೦೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಥರ್ಸ್ಟನ್ನನು ಬಂಟರ ವಿಷಯವನ್ನು ಬರೆಯುವಾಗ ಇದನ್ನು ಸಂಗ್ರಹಿಸಿರುತ್ತಾನೆ. ದೇವಪಾಂಡ್ಯನ ಹೊಸ ಹಡಗುಗಳನ್ನು ಕಡಲಿಗೆ ಇಳಿಸುವ ಸಂದರ್ಭದಲ್ಲಿ ಕುಂಡೋದರನೆಂಬ ಭೂತವು ನರಬಲಿಯನ್ನು ಕೇಳಿತು. ದೊರೆಯು ತನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡಹೋದಾಗ ಹೆಂಡತಿಯು ಒಪ್ಪಲಿಲ್ಲ. ಸೋದರಿ ಸತ್ಯವತಿಯು ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತವು ಬಾಲಕನ ಲಕ್ಷಣಗಳನ್ನು ಕಂಡು ಬಲಿಯನ್ನು ಬಿಟ್ಟು ಅವನಿಗೆ ಭೂತಾಳಪಾಂಡ್ಯನೆಂದು ಹೆಸರಿಟ್ಟಿತು. ಅಂದಿನಿಂದ ಮಕ್ಕಳಿಗೆ ಹಕ್ಕು ತಪ್ಪಿ ಅಳಿಯನಿಗೆ ಸಂದಿತೆಂದು ಕಥೆ.

ಇದನ್ನು ಇತಿಹಾಸವೆಂದು ಗ್ರಹಿಸಲಾಗದು. ಆಗಲೇ ಇದ್ದ ಕಟ್ಟಿಗೆ ಕಾರಣವನ್ನು ಕಲ್ಪಿಸಿದ ಕಥೆಯೆಂದೇ ಕಾಣಬೇಕು. ಆದರೆ ಕಲ್ಪಿಸಿದ ಕಾರಣವು ಎಂತಹದು ಎಂಬುದು ವಿಚಾರಾರ್ಹ. ಒಂದು ಸೀಮೆಯ ದಾಯಭಾಗವೆಲ್ಲವೂ ತಾಯಿಯೊಬ್ಬಳು ಮಗನನ್ನು ಬಲಿಗೆ ಕೊಡಲು ಒಪ್ಪದೆ ಹೋದುದಕ್ಕೆ ವಿಧಿಸಿದ ದಂಡವಾಗಿ ನಿರೂಪಿತವಾಗಿದೆ. ದೊರೆಯ ಹೆಂಡತಿಯ ದೋಷವೇನು? ಮಗನನ್ನು ಉಳಿಸಿಕೊಂಡುದು. ಮಕ್ಕಳನ್ನು ಕೊಡಹೊರಟ ದೊರೆಗೆ ಕಥೆಯಲ್ಲಿ ಯಾವ ಅಪವಾದವೂ ಇಲ್ಲ. ಹೆಂಡತಿಯ ಮಾತೃಸ್ನೇಹವನ್ನೂ ಸೋದರಿಯ ಕುಲನಿಷ್ಠೆಯನ್ನೂ ಎದುರುಬದುರಾಗಿ ನಿಲ್ಲಿಸಿ ಕಥೆಯು ಸೋದರಿಯ ಪಕ್ಷವನ್ನು ವಹಿಸುವುದು. ಹೆಂಡತಿಯ ಮನೆ, ಸೋದರಿಯ ಮನೆಗಳ ನಡುವಣ ತಿಕ್ಕಾಟವನ್ನು ಬಲ್ಲ ಸಮಾಜವೇ ಇಂಥ ಕಥೆಯನ್ನು ಕಟ್ಟಬಲ್ಲದು.

ಆ ತಿಕ್ಕಾಟವು ನ್ಯಾಯಾಲಯಗಳನ್ನೂ ಹತ್ತಿದುದುಂಟು. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬ ಸದಸ್ಯನು ಬಲವಂತದಿಂದ ಪಾಲನ್ನು ಕೇಳಲಾಗದೆಂದು ಮದರಾಸಿನ ಉಚ್ಚ ನ್ಯಾಯಾಲಯವು ೧೮೬೩ರಲ್ಲಿ ತೀರ್ಮಾನಿಸಿತು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯು ಪಾಲಿಗೆ ಅವಕಾಶ ಕೊಟ್ಟಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಹಳೆಯ ಕಟ್ಟಿನ ಬಲವು ಬಹುಮಟ್ಟಿಗೆ ಕುಂದಿತು. ಪಾಲಿಲ್ಲದ ಕಾಲದಲ್ಲಿ ಮನೆಯೊಳಗಣ ಮುನಿಸನ್ನು ಮನೆಯೊಳಗೇ ಸಹಿಸಬೇಕಾಗಿದ್ದಿತು. ಅಂಥ ಮುನಿಸಿಗೆ ಬಾಯಿ ದೊರೆತುದು ಪಾಡ್ದನಗಳಲ್ಲಿ.

ಸಿರಿಯ ಪಾಡ್ದನವು ಇದಕ್ಕೆ ಪ್ರಮುಖ ನಿದರ್ಶನ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೊಂಕೋ ಅವರು ಇಲ್ಲಿಯ ವಿದ್ವಾಂಸರ ನೆರವಿನಿಂದ ೧೯೯೦ರಲ್ಲಿ ಧ್ವನಿಮುದ್ರಿಸಿಕೊಂಡು ೧೯೯೮ರಲ್ಲಿ ಪ್ರಕಟಿಸಿದರು. ಅದರ ವಿಸ್ತಾರವು ೧೫,೬೮೩ ಸಾಲುಗಳು. ಅಷ್ಟು ದೊಡ್ಡ ಕಾವ್ಯವನ್ನು ಕಿರುಗತೆಯೆನ್ನಲಾಗದಾದರೂ, ಅದರ ಕಡೆಯ ಭಾಗವಾದ ಅಬ್ಬಗ–ದಾರಗರ ವೃತ್ತಾಂತವು ಬಿಡಿಯಾಗಿಯೂ ಮನೆಮನೆಗಳಲ್ಲಿ ಹೇಳಲ್ಪಡುವ ಕಥೆ. ಸಿರಿಯ ಮಗಳು ಸೊನ್ನೆ. ಅವಳಿಗೆ ಹರಕೆಯ ಫಲವಾಗಿ ಹುಟ್ಟಿದ ಅವಳಿ ಹೆಣ್ಣುಮಕ್ಕಳು ಇವರು. ತಾಯಿತಂದೆಗಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಚೆನ್ನೆಮಣೆಯನ್ನು ಇಳಿಸಿ ಆಡಲು ಕುಳಿತರು. ಆಟದಲ್ಲಿ ಮಾತು ಬೆಳೆಯಿತು, ಅಬ್ಬಗಳು ಮಣೆಯಿಂದ ಹೊಡೆದಳು, ದಾರಗಳು ಸತ್ತಳು, ಅಬ್ಬಗಳು ಬಾವಿಗೆ ಹಾರಿದಳು. ಅಕ್ಕತಂಗಿಯರು ಒಟ್ಟಾಗಿ ಚೆನ್ನೆಯಾಡಬಾರದೆಂಬ ನಂಬಿಕೆಗೆ ಈ ಕಥೆಯನ್ನೇ ಕಾರಣವಾಗಿ ಹೇಳುವರು.

ಮೇಲುನೋಟಕ್ಕೆ ಇದು ಹಿರಿಯರ ಕಣ್ಣು ತಪ್ಪಿದ ಮಕ್ಕಳ ಕಥೆ. ಆದರೆ ಪಾಡ್ದನವು ಮಕ್ಕಳ ತುಂಟತನವನ್ನಾಗಲಿ ತಾಯಿಯ ಸಲಿಗೆಯನ್ನಾಗಲಿ ಮೂಲಕಾರಣವೆಂದು ಹೇಳುವುದಿಲ್ಲ. ಮಕ್ಕಳಿಗಾಗಿ ಬೆರ್ಮೆರಿಗೆ ಹೇಳಿಕೊಂಡ ಹರಕೆಯನ್ನು ಹಿರಿಯರು ಸಲ್ಲಿಸಿರಲಿಲ್ಲ; ಆ ಋಣವು ಮಕ್ಕಳ ಮೇಲೆ ಬಿದ್ದಿತು. ಮಕ್ಕಳ ಜಗಳದ ಹಿಂದೆ ಹಿರಿಯರ ವಚನಭಂಗವನ್ನು ಕಾಣುವುದು ಈ ಪರಂಪರೆಯ ವೈಶಿಷ್ಟ್ಯ. ನಂದಳಿಕೆ, ಕವತಾರು ಮೊದಲಾದೆಡೆಗಳ ಸಿರಿಜಾತ್ರೆಗಳಲ್ಲಿ ಹೆಂಗಸರು ಆವೇಶಗೊಂಡು ನಿಂತಾಗ ಕುಮಾರನ ಪಾತ್ರಿಯು ಅವರನ್ನು ಮಾತನಾಡಿಸುವನು. ಮನೆಯವರು ಸುತ್ತ ನಿಂತು ಕೇಳಬೇಕಾಗುವುದು. ಪೀಟರ್ ಕ್ಲಾಸ್ ಮೊದಲಾದ ವಿದ್ವಾಂಸರು ಈ ಆಚರಣೆಯಲ್ಲಿ ಕುಟುಂಬದ ಒಳಮುನಿಸುಗಳು ಹೊರಬರುವುದನ್ನು ಎತ್ತಿ ತೋರಿಸಿರುವರು.

ಕೋಟಿ–ಚೆನ್ನಯರ ಕಥೆಯನ್ನೂ ಇಲ್ಲಿ ಸಂಕ್ಷೇಪವಾಗಿ ನೆನೆಯಬಹುದು. ದೇಯಿ ಬೈದೆತಿಯು ಸತ್ತ ಮೇಲೆ ಈ ಅವಳಿ ಸೋದರರು ಮಾವ ಸಾಯನ ಬೈದ್ಯನ ಆಶ್ರಯದಲ್ಲಿಯೂ ಪಡುಮಲೆಯ ಪೆರುಮಾಳು ಬಲ್ಲಾಳನ ಪೋಷಣೆಯಲ್ಲಿಯೂ ಬೆಳೆದರು. ಬುದ್ಯಂತನ ಮಕ್ಕಳೊಡನೆ ಆಟದಲ್ಲಿ ಹುಟ್ಟಿದ ಜಗಳವು ಮುಂದೆ ಗದ್ದೆಯ ನೀರಿನ ಜಗಳವಾಗಿ ಬೆಳೆದು, ಬುದ್ಯಂತನ ಕೊಲೆಯಲ್ಲಿಯೂ, ಸಾಕಿದ ಬಲ್ಲಾಳನನ್ನೇ ತೊರೆದು ಹೋಗುವುದರಲ್ಲಿಯೂ ಮುಕ್ತಾಯವಾಯಿತು. ಹುಡುಗರ ಆಟದ ಜಗಳವನ್ನು ಹಿರಿಯರು ನ್ಯಾಯವಾಗಿ ತೀರಿಸದಿದ್ದರೆ ಅದು ಹುಡುಗರೊಡನೆ ತಾನೂ ಬೆಳೆಯುವುದು ಎಂಬುದೇ ಇಲ್ಲಿಯ ಅರಿವು. ಈ ಪಾಡ್ದನವನ್ನು ಕನ್ನಡ ಗದ್ಯಕ್ಕೆ ಇಳಿಸಿದವರು ಪಂಜೆಯವರೇ ಎಂಬುದು ನಮ್ಮ ಮುಂದಿನ ವಿಚಾರಕ್ಕೆ ಸೇತುವೆಯಾಗಿದೆ.

೪

ಪಂಜೆ ಮಂಗೇಶರಾಯರು (೧೮೭೪–೧೯೩೭) ಉಪಾಧ್ಯಾಯರಾಗಿಯೂ, ಶಾಲೆಗಳ ತನಿಖಾಧಿಕಾರಿಗಳಾಗಿಯೂ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿಯೂ ಇದ್ದು, ೧೯೩೪ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆಯನ್ನು ವಹಿಸಿದವರು. ಬೆನಗಲ್ ರಾಮರಾಯರು ಮಂಗಳೂರಿನಿಂದ ನಡೆಯಿಸುತ್ತಿದ್ದ ‘ಸುವಾಸಿನಿ’ಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಬರೆದ ಬರಹಗಳು ಕನ್ನಡ ಸಣ್ಣ ಕಥೆಯ ಮೊದಲ ಹೆಜ್ಜೆಗಳಲ್ಲಿ ಸೇರಿವೆ. ‘ನನ್ನ ಚಿಕ್ಕ ತಾಯಿ’, ‘ನನ್ನ ಚಿಕ್ಕ ತಂದೆ’, ‘ನನ್ನ ಹೆಂಡತಿ’ ಎಂಬ ಶೀರ್ಷಿಕೆಗಳನ್ನು ಮಾತ್ರ ನೋಡಿದರೂ ಒಂದು ಸಂಗತಿಯು ಸ್ಪಷ್ಟವಾಗುವುದು. ಇವು ಅರಸರ ಹೆಸರುಗಳಲ್ಲ, ಋಷಿಗಳ ಹೆಸರುಗಳಲ್ಲ. ಮನೆಯೊಳಗಣ ನಂಟಿನ ಹೆಸರುಗಳು. ‘ನನ್ನ’ ಎಂಬ ಮಾತು ಸೇರಿಕೊಂಡುದರಿಂದ ಹಿರಿಯರನ್ನು ಕಿರಿಯನ ಕಣ್ಣಿನಿಂದ, ಅದೂ ನಗುವ ಕಣ್ಣಿನಿಂದ, ನೋಡುವ ಸಲಿಗೆಯು ಗದ್ಯಕ್ಕೆ ದೊರೆಯಿತು. ಹಿಂದಿನ ಕಥೆಗಳಲ್ಲಿ ಹಿರಿಯರು ಕಿರಿಯರನ್ನು ತೂಗುತ್ತಿದ್ದರು. ಇಲ್ಲಿ ತಕ್ಕಡಿಯು ಕೈ ಬದಲಾಯಿಸಿತು. ಸಣ್ಣ ಕಥೆಯೆಂಬ ಹೊಸ ಪ್ರಕಾರಕ್ಕೂ ಕುಟುಂಬವೆಂಬ ವಸ್ತುವಿಗೂ ನಮ್ಮಲ್ಲಿ ಮೊದಲಿನಿಂದಲೇ ಏರ್ಪಟ್ಟ ನಂಟಿನ ರಹಸ್ಯವು ಇದೇ ಆಗಿದೆ.

ಪಂಜೆಯವರು ಮಕ್ಕಳಿಗಾಗಿ ಬರೆದ ಕಥೆಗಳಲ್ಲಿ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬುದು ಸರಪಣಿಯ ಜಾತಿಯದು. ಈ ಜಾತಿಯ ಕಥೆಯು ದಕ್ಷಿಣದಲ್ಲೆಲ್ಲ ಹರಡಿದೆ. ತೆಲುಗರ ಏಳು ಮೀನಿನ ಕಥೆಯಲ್ಲಿ ಮೀನು ಒಣಗದುದಕ್ಕೆ ಹುಲ್ಲುಮೆದೆಯು ಕಾರಣ, ಮೆದೆಯನ್ನು ಮೇಯದ ದನವು ಅದಕ್ಕೆ ಕಾರಣ, ದನವನ್ನು ಬಿಡದ ಹುಡುಗನು ಅದಕ್ಕೆ ಕಾರಣ; ಹುಡುಗನು ಅನ್ನವಿಕ್ಕದ ಮುದುಕಿಯನ್ನೂ, ಮುದುಕಿಯು ಅಳುವ ಮಗುವನ್ನೂ, ಮಗುವು ಕಚ್ಚಿದ ಇರುವೆಯನ್ನೂ ತೋರಿಸುವುದು. ತನ್ನ ಗೂಡಿಗೆ ಬೆರಳಿಟ್ಟರೆ ಕಚ್ಚದೆ ಬಿಡುವೆನೇ ಎಂದು ಇರುವೆಯು ಕೇಳುವುದು. ಮಕ್ಕಳಿಗೆ ಇದು ಮಾತಿನ ಆಟ. ಕುಟುಂಬದ ವಿಚಾರವನ್ನು ಕಥೆಗಳಲ್ಲಿ ಹುಡುಕುವವರಿಗೆ ಇದು ಅಪವಾದವು ಕೈಯಿಂದ ಕೈಗೆ ಸಾಗುವ ಬಗೆಯ ಒಂದು ನಕಾಶೆ. ಪ್ರತಿಯೊಬ್ಬರ ಉತ್ತರವೂ ನಿಜ. ಆದರೂ ಕೆಲಸ ನಿಂತಿದೆ.

ಇದಕ್ಕೆ ಎದುರಾಗಿ ಪಾಶ್ಚಾತ್ಯರ ಈಸೋಪನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ, ಗಲ್ಲಿಗೆ ಹೋಗುವ ಕಳ್ಳನು ತಾಯಿಯ ಕಿವಿಯನ್ನು ಕಚ್ಚಿದ ಕಥೆಯನ್ನು ಇಟ್ಟು ನೋಡಬಹುದು. ಬಾಲ್ಯದ ಮೊದಲ ಕಳವಿಗೆ ತಾಯಿಯು ದಂಡಿಸಲಿಲ್ಲ. ಆದುದರಿಂದ ಈ ಗತಿಯೆಂದು ಅವನು ಹೇಳುವನು. ಅಲ್ಲಿ ಸರಪಣಿಯಿಲ್ಲ, ತಂದೆಯೂ ಇಲ್ಲ. ದೋಷವು ನೇರವಾಗಿ ತಾಯಿಯ ಕಿವಿಗೆ ಬಂದು ಮುಟ್ಟುವುದು. ನೀತಿಕಥೆಗೆ ಒಬ್ಬ ಅಪರಾಧಿಯು ಬೇಕು. ಜಾನಪದ ಕಥೆಯು ಮನೆಯವರೆಲ್ಲರನ್ನೂ ಕರೆದು ಕೇಳುವುದು. ಶಾಲೆಯ ಪಾಠವು ಮೊದಲನೆಯ ಬಗೆಯನ್ನೇ ಮೆಚ್ಚುವುದು ಆಶ್ಚರ್ಯವಲ್ಲ; ಆದರೆ ಅದರ ಬೆಲೆಯನ್ನು ಕೊಡುವವಳು ತಾಯಿ.

೫

ಈ ವಸ್ತುವು ಆಧುನಿಕ ಸಣ್ಣ ಕಥೆಯಲ್ಲಿ ಪರಿಪಕ್ವವಾಗಿ ಬಂದುದಕ್ಕೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಮೊಸರಿನ ಮಂಗಮ್ಮ’ನಿಗಿಂತ ಉತ್ತಮ ಉದಾಹರಣೆ ಬೇಕಿಲ್ಲ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ತಂದು ಮಾರುವ ಮಂಗಮ್ಮನು ಸೊಸೆ ನಂಜಮ್ಮನೊಡನೆ ಜಗಳವಾಡುವಳು. ಜಗಳದ ಕಾರಣವು ಮೊಮ್ಮಗ. ನಂಜಮ್ಮನು ತನ್ನ ಮಗುವನ್ನು ಹೊಡೆದಳು, ಅಜ್ಜಿಯು ತಡೆಯಲಾರದೆ ಆಡಿದಳು, ಮಗನು ಹೆಂಡತಿಯ ಪಕ್ಷವನ್ನು ವಹಿಸಿದನು, ಅಜ್ಜಿಯು ಬೇರೆಯಾದಳು. ಮಗುವನ್ನು ಹೆತ್ತವಳಿಗೆ ಹೊಡೆಯುವ ಹಕ್ಕಿಲ್ಲವೇ ಎಂಬುದು ಒಂದು ಪಕ್ಷ. ಮಗನನ್ನು ಹೆತ್ತವಳಿಗೆ ಹೇಳುವ ಹಕ್ಕಿಲ್ಲವೇ ಎಂಬುದು ಇನ್ನೊಂದು. ವಾದವು ಮಗುವಿನ ಹೆಸರಿನಲ್ಲಿ ನಡೆದರೂ ವಿವಾದದ ಆಸ್ತಿಯು ಮಗನ ಮೇಲಣ ಅಧಿಕಾರವೆಂಬುದನ್ನು ಕಥೆಯು ಕ್ರಮೇಣ ತಿಳಿಯಗೊ�ಡುವುದು.

ಬೇರೆಯಾದ ಮಂಗಮ್ಮನಿಗೆ ಕೈಯಲ್ಲಿ ಹಣವುಂಟು, ಮೈಮೇಲೆ ಒಳ್ಳೆಯ ಬಟ್ಟೆಯುಂಟು. ಆದರೆ ಮುದ್ದಿಸುವುದಕ್ಕೆ ಮಗುವಿಲ್ಲ. ಸಾಲ ಕೇಳುವ ನೆವದಿಂದ ಹತ್ತಿರ ಸುಳಿಯುವ ರಂಗಪ್ಪನೊಬ್ಬನುಂಟು. ಕಡೆಗೆ ಮೊಮ್ಮಗನೇ ಅಜ್ಜಿಯ ಬಳಿಗೆ ಬಂದು ಬಿಡುವನು. ಅವನ ಹಿಂದೆ ಸೊಸೆಯೂ ಮಗನೂ ಬರುವರು. ನಂಜಮ್ಮನ ನಡೆಯಲ್ಲಿ ವಾತ್ಸಲ್ಯವೆಷ್ಟು, ಅತ್ತೆಯ ಹಣವು ಪರರ ಪಾಲಾದೀತೆಂಬ ಎಚ್ಚರವೆಷ್ಟು ಎಂಬುದನ್ನು ಮಾಸ್ತಿಯವರು ಅಳೆದು ಹೇಳುವುದಿಲ್ಲ. ಎರಡೂ ಇವೆ, ಎರಡಿರುವುದೇ ಸಂಸಾರ. ಮುಖ್ಯವಾದ ವಿಶೇಷವೆಂದರೆ, ಇಲ್ಲಿ ಅತ್ತೆಗೂ ಸೊಸೆಗೂ ತಮ್ಮ ತಮ್ಮ ಪಕ್ಷವನ್ನು ತಮ್ಮ ಬಾಯಿಂದಲೇ ಹೇಳಿಕೊಳ್ಳುವ ಅವಕಾಶವಿದೆ. ಕೇಳುವವಳೂ ಒಬ್ಬ ಗೃಹಿಣಿಯೇ. ಯಶೋಭದ್ರೆಗೆ ಅರಸನ ಮುಂದೆ ವಿವರಣೆ ಕೊಡಬೇಕಾಗಿದ್ದಿತು. ಭೂತಾಳಪಾಂಡ್ಯನ ಕಥೆಯ ರಾಣಿಗೆ ಬಾಯಿಯೇ ಇರಲಿಲ್ಲ. ಮಂಗಮ್ಮನಿಗೆ ತೀರ್ಪು ಕೊಡದೆ ಕೇಳುವ ಕಿವಿಯೊಂದು ದೊರೆಯಿತು. ನಮ್ಮ ಕಥನದ ಇತಿಹಾಸದಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಕರಾವಳಿಯ ಕಡೆಗೆ ಮರಳಿ ನೋಡಿದರೆ, ಇದೇ ಪ್ರಶ್ನೆಯ ದೀರ್ಘರೂಪವು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿದೆ. ಅದು ಕಾದಂಬರಿಯಾದರೂ ಹೋಲಿಕೆಗಾಗಿ ಇಲ್ಲಿ ಒಂದೆರಡು ಮಾತು ಸಾಲುವುದು. ರಾಮ ಐತಾಳರ ಇಳಿವಯಸ್ಸಿನ ಮಗ ಲಚ್ಚನು ಕೆಟ್ಟುದಕ್ಕೆ ತಾಯಿ ಸತ್ಯಭಾಮೆಯ ಮುದ್ದೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ಮಗನನ್ನು ಇಂಗ್ಲಿಷು ಓದಿಗೆ ಅಟ್ಟಿದುದರ ಹಿಂದೆ ತಂದೆಯ ಪ್ರತಿಷ್ಠೆಯುಂಟು, ನೆರೆಯ ಶೀನಮಯ್ಯರೊಡನೆ ಅವರಿಗಿದ್ದ ಪೈಪೋಟಿಯುಂಟು. ಮನೆಯಲ್ಲಿ ದುಡಿದವರು ವಿಧವೆಯಾದ ಸರಸೋತಿಯೂ ಹಿರಿಯ ಹೆಂಡತಿ ಪಾರೋತಿಯೂ. ಮಗನ ವಿಷಯದಲ್ಲಿ ಅವರ ಮಾತಿಗೆ ತೂಕವಿರಲಿಲ್ಲ. ಗೇಯುವವರಿಗೆ ಅಧಿಕಾರವಿಲ್ಲದ, ಅಧಿಕಾರವಿದ್ದವರಿಗೆ ಮಗನ ಪರಿಚಯವಿಲ್ಲದ ಮನೆಯಲ್ಲಿ ಲಚ್ಚನು ಬೆಳೆದನು. ಇಷ್ಟನ್ನು ವಿವರವಾಗಿ ತೋರಿಸಲು ಕಾದಂಬರಿಗೆ ಮೂರು ತಲೆಮಾರು ಬೇಕಾಯಿತು. ಸಣ್ಣ ಕಥೆಯು ಒಂದು ಏಟನ್ನೋ ಒಂದು ಆಟವನ್ನೋ ಹಿಡಿದು ಅದೇ ಸತ್ಯವನ್ನು ಸೂಚಿಸುವುದು.

೬

ಮೇಲಣ ವಿವೇಚನೆಯಿಂದ ಸಿದ್ಧವಾಗುವ ಅಂಶಗಳನ್ನು ಸಂಗ್ರಹಿಸಬಹುದು. ವಡ್ಡಾರಾಧನೆಯ ಕಥೆಯು ಮುದ್ದನ್ನೂ ಕಾಠಿಣ್ಯವನ್ನೂ ಒಂದೇ ಜೀವದ ಮೇಲೆ ಪರೀಕ್ಷಿಸಿ, ಎರಡಕ್ಕೂ ಮಿತಿಯುಂಟೆಂದು ತೋರಿಸಿತು. ತುಳುನಾಡಿನ ದಂತಕಥೆಯು ತಾಯಿಯ ವಾತ್ಸಲ್ಯವನ್ನು ಕುಲಕ್ಕೆ ವಿರೋಧವೆಂದು ಎಣಿಸಿದರೆ, ಅದೇ ನಾಡಿನ ಪಾಡ್ದನಗಳು ಮಕ್ಕಳ ಕಲಹದ ಬೇರನ್ನು ಹಿರಿಯರ ನಡತೆಯಲ್ಲಿ ಹುಡುಕಿದವು. ಪಂಜೆಯವರ ಕಾಲದಲ್ಲಿ ಹಿರಿಯರನ್ನು ನಗುನಗುತ್ತ ನೋಡುವ ಕಿರಿಯನ ದೃಷ್ಟಿಯು ಬಂದಿತು. ಮಾಸ್ತಿಯವರಲ್ಲಿ ಅಪವಾದ ಹೊತ್ತ ಹೆಂಗಸಿಗೆ ಮಾತು ಬಂದಿತು. ಮಗು ಏಕೆ ಕೆಟ್ಟಿತೆಂಬ ಪ್ರಶ್ನೆಯಿಂದ, ಮಗುವಿನ ವಿಷಯದಲ್ಲಿ ಮಾತನಾಡುವ ಹಕ್ಕು ಯಾರದೆಂಬ ಪ್ರಶ್ನೆಗೆ ನಮ್ಮ ಕಥೆಯು ಸಾಗಿಬಂದಿದೆ.

ಸಾಹಿತ್ಯಾಧ್ಯಾಪಕರಿಗೆ ಇದರಿಂದ ಒಂದು ಪ್ರಯೋಜನವುಂಟು. ಕಥೆಯನ್ನು ಪಾಠವಾಗಿ ಇಳಿಸುವಾಗ ಸೂರ್ಯಮಿತ್ರನ ಕಾಠಿಣ್ಯವನ್ನು ಇಟ್ಟುಕೊಂಡು ವಾಯುಭೂತಿಯ ಮುನಿಸನ್ನು ಬಿಟ್ಟರೆ, ಚೆನ್ನೆಮಣೆಯ ಏಟನ್ನು ಹೇಳಿ ಸಲ್ಲದ ಹರಕೆಯನ್ನು ಬಿಟ್ಟರೆ, ಅಜ್ಜಿಯ ಮುದ್ದನ್ನು ಹೇಳಿ ಮಗನ ಮೌನಸಮ್ಮತಿಯನ್ನು ಬಿಟ್ಟರೆ, ಉಳಿಯುವುದು ನೀತಿವಾಕ್ಯ ಮಾತ್ರ, ಕಥೆಯಲ್ಲ. ತರಗತಿಯಲ್ಲಿ ಕುಳಿತ ಹುಡುಗ ಹುಡುಗಿಯರು ಅಂಥ ಮನೆಗಳಿಂದಲೇ ಬಂದವರು. ಅವರಲ್ಲಿ ಹೊಡೆತ ತಿಂದವರೂ ಇರುವರು, ಮುದ್ದಿನಲ್ಲಿ ಮುಳುಗಿದವರೂ ಇರುವರು, ಅಪ್ಪನ ಮನೆಗೂ ಅಮ್ಮನ ಮನೆಗೂ ನಡುವೆ ನಿಂತವರೂ ಇರುವರು. ಅವರ ಮುಂದೆ ಕಥೆಯನ್ನು ಪೂರ್ತಿಯಾಗಿ ಓದುವುದು ಪಾಂಡಿತ್ಯದ ಕರ್ತವ್ಯ ಮಾತ್ರವಲ್ಲ, ನ್ಯಾಯದ ಕರ್ತವ್ಯವೂ ಆಗಿದೆ.